ಹಾರರ್ ಸಿನಿಮಾದಲ್ಲಿ ಹೆದರಬೇಕಾದದ್ದು ಯಾರಿಗೆ?

ಹಾರರ್ ಚಿತ್ರದಲ್ಲಿ ಎಷ್ಟು ಕ್ವಿಯರ್ (ಸಲಿಂಗಿ, ಟ್ರಾನ್ಸ್‌ಜೆಂಡರ್ ಮುಂತಾದ) ಪಾತ್ರಗಳಿವೆ ಅಂತ ಎಣಿಸಿದರೆ ಹೆಚ್ಚೇನೂ ತಿಳಿಯುವುದಿಲ್ಲ. ಚಿತ್ರ ಯಾರನ್ನು ತೋರಿಸಿ ನಮ್ಮನ್ನು ಹೆದರಿಸುತ್ತಿದೆ, ಆ ಹೊತ್ತಿಗೆ ಕ್ಯಾಮೆರಾ ಯಾರ ಪಕ್ಕ ನಿಂತಿದೆ, ಕೊನೆಗೆ ಯಾರು ಬದುಕುತ್ತಾರೆ ಅನ್ನೋದನ್ನು ಗಮನಿಸಬೇಕು.

ಹಳೆಯ ಹಾಲಿವುಡ್ ಚಿತ್ರಗಳಲ್ಲಿ ಇದೆಲ್ಲ ಮುಸುಕು ಹಾಕಿಕೊಂಡೇ ಬರುತ್ತದೆ. ಅದಕ್ಕೆ ಕಾರಣ ಹೇಯ್ಸ್ ಕೋಡ್. 1930ರಲ್ಲಿ ಒಪ್ಪಿಗೆಯಾದ ಈ ನಿಯಮಾವಳಿ ಬಿಗಿಯಾಗಿ ಜಾರಿಯಾದದ್ದು 1934ರಲ್ಲಿ. 'ಲೈಂಗಿಕ ವಿಕೃತಿ'ಯ ಸುಳಿವೂ ತೆರೆಯ ಮೇಲೆ ಬರುವಂತಿರಲಿಲ್ಲ, ಸಲಿಂಗ ಪ್ರೇಮವನ್ನೂ ಅದರೊಳಗೇ ಸೇರಿಸಿದ್ದರು. ರಕ್ತಪಿಶಾಚಿಯ ಕಥೆಯಲ್ಲಿ ಮಾತ್ರ ಸ್ವಲ್ಪ ನುಸುಳಲು ಜಾಗವಿತ್ತು. ಹೇಗಿದ್ದರೂ ಕೊನೆಗೆ ಪಿಶಾಚಿ ಸಾಯುತ್ತದೆ, ಪಾಪಕ್ಕೆ ಶಿಕ್ಷೆಯಾಯಿತು ಅಂತ ಸೆನ್ಸಾರ್‌ನವರಿಗೂ ಸಮಾಧಾನ.

1936ರ 'ಡ್ರಾಕುಲಾಸ್ ಡಾಟರ್' ನೋಡಿ. ರಕ್ತಪಿಶಾಚಿಯಾದ ಕೌಂಟೆಸ್ ಜಲೆಸ್ಕಾ, ಚಿತ್ರ ಬಿಡಿಸಲು ಮಾಡೆಲ್ ಬೇಕೆಂಬ ನೆಪದಲ್ಲಿ ಲಿಲಿ ಎಂಬ ಹುಡುಗಿಯನ್ನು ಕರೆಸುತ್ತಾಳೆ. ಭುಜ ಕಾಣುವಂತೆ ಬಟ್ಟೆ ಸರಿಸಲು ಹೇಳಿ, ದಿಟ್ಟಿಸುತ್ತಾ ಉಂಗುರ ಹಿಡಿದು ಹತ್ತಿರ ಬರುತ್ತಾಳೆ. ಲಿಲಿ ಚೀರುವಾಗ ಕ್ಯಾಮೆರಾ ಮೇಲೇರಿ ಗೋಡೆಯ ಮುಖವಾಡದ ಮೇಲೆ ನಿಲ್ಲುತ್ತದೆ. ನಡೆದದ್ದು ರಕ್ತದಾಹವೋ ಮೋಹವೋ ಅಂತ ಯಾರೂ ಪ್ರಮಾಣ ಮಾಡಿ ಹೇಳಲಾರರು, ಕೋಡ್‌ನಿಂದ ತಪ್ಪಿಸಿಕೊಳ್ಳುವ ಉಪಾಯವೇ ಅದು. ಇದಕ್ಕೂ ಮುಂಚೆ ಜಲೆಸ್ಕಾ ಒಬ್ಬ ಮನೋವೈದ್ಯನ ಹತ್ತಿರ ಹೋಗಿ, ಈ ಚಟದಿಂದ ಬಿಡಿಸಿ ಅಂತ ಬೇಡಿಕೊಂಡಿರುತ್ತಾಳೆ. ಆತ ಇದನ್ನು ಕುಡಿತದ ಹಾಗೆ ನೋಡಿ, ಆಸೆಗೆ ಎದುರಾಗಿ ಗೆಲ್ಲು ಅನ್ನುತ್ತಾನೆ. 'ಗುಣಪಡಿಸುವ' ಈ ಮಾತು ಮುಖವಾಡಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತದೆ.

1961ರಲ್ಲಿ ಕೋಡ್ ಸಡಿಲವಾಯಿತು. 1963ರ 'ದಿ ಹಾಂಟಿಂಗ್'ನಲ್ಲಿ ಥಿಯೋ ಎಂಬ ಲೆಸ್ಬಿಯನ್ ಪಾತ್ರವಿದೆ. ಅವಳನ್ನು 'ಪ್ರಕೃತಿಯ ತಪ್ಪು' ಅಂತ ಹೀಯಾಳಿಸುವುದು ಅದೇ ದೆವ್ವದ ಮನೆಯಲ್ಲಿ ಜೊತೆಗಿರುವ ಎಲೀನರ್, ದೆವ್ವವಲ್ಲ. ಥಿಯೋ ಬದುಕುಳಿಯುತ್ತಾಳೆ, ಎಲೀನರ್ ಸಾಯುತ್ತಾಳೆ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ದೊಡ್ಡ ಎಡವಟ್ಟು ಆಗಿರುವುದು ಟ್ರಾನ್ಸ್ ವಿಷಯದಲ್ಲಿ. 1960ರ 'ಸೈಕೋ' ಕೊನೆಯಲ್ಲಿ ಮನೋವೈದ್ಯ ಬಂದು ಕೊಲೆಗಾರ ನಾರ್ಮನ್ ಹೆಣ್ಣುಡುಗೆ ತೊಡುವುದರ ಕಾರಣ ಬೇರೆಯೇ ಅಂತ ವಿವರಿಸುತ್ತಾನೆ. 1991ರ 'ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್'ನಲ್ಲೂ ಕೊಲೆಗಾರ ಬಫಲೋ ಬಿಲ್ ನಿಜವಾದ ಟ್ರಾನ್ಸ್ ವ್ಯಕ್ತಿಯಲ್ಲ ಎಂಬ ಸಂಭಾಷಣೆಯಿದೆ. ಒಂದೆರಡು ಸಾಲಿನ ಇಂಥ ತೇಪೆ ನಿಲ್ಲುವುದಿಲ್ಲ. ಬಿಲ್ ಮೇಕಪ್ ಹಚ್ಚಿಕೊಂಡು ಕುಣಿಯುವುದು ಕಣ್ಣಿಗೆ ಕಟ್ಟುತ್ತದೆ, ಸಂಭಾಷಣೆ ಮರೆತುಹೋಗುತ್ತದೆ. ಚಿತ್ರಕಥೆ ಬರೆಯುವವರು ಇದನ್ನು ನೆನಪಿಡಬೇಕು: ಭಯ ದೃಶ್ಯದಲ್ಲಿದ್ದರೆ ಸ್ಪಷ್ಟನೆಯೂ ದೃಶ್ಯದಲ್ಲೇ ಇರಬೇಕು. 1983ರ 'ಸ್ಲೀಪ್‌ಅವೇ ಕ್ಯಾಂಪ್' ಅಷ್ಟು ಮುಜುಗರವನ್ನೂ ಪಟ್ಟುಕೊಳ್ಳಲಿಲ್ಲ, ಕೊನೆಯ ಶಾಟ್‌ನಲ್ಲಿ ಹುಡುಗಿ ಅಂದುಕೊಂಡಿದ್ದ ಕೊಲೆಗಾರ್ತಿಯ ದೇಹ ಗಂಡಿನದು ಅಂತ ತೋರಿಸಿಯೇ ಬೆಚ್ಚಿಬೀಳಿಸಿತು.

'ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್'ನ ಎರಡನೇ ಭಾಗ (1985) ಬೇರೆ ಥರದ ಸಂಗತಿ. ಕನಸಿನಲ್ಲಿ ಬಂದು ಕೊಲ್ಲುವ ಫ್ರೆಡ್ಡಿ, ಜೆಸ್ಸಿ ಎಂಬ ಹುಡುಗನ ಮೈಯೊಳಗಿಂದ ಹೊರಬರಲು ಹವಣಿಸುತ್ತಾನೆ, ಜೆಸ್ಸಿ ಗೆಳತಿಯನ್ನು ಬಿಟ್ಟು ಗೆಳೆಯನ ಕೋಣೆಗೆ ಓಡುತ್ತಾನೆ. ತನ್ನ ಒಲವನ್ನು ಬಚ್ಚಿಟ್ಟುಕೊಂಡು ಬದುಕುವ ಹುಡುಗನ ದಿಗಿಲು ಇಷ್ಟು ಚೆನ್ನಾಗಿ ಮೂಡಿದ ಮೇಲೆ, ಹುಡುಗಿಯ ಮುತ್ತಿನಿಂದ ಅವನನ್ನು ಬಿಡಿಸಿದ್ದು ಸಪ್ಪೆ.

2021ರ 'ಫಿಯರ್ ಸ್ಟ್ರೀಟ್' ತ್ರಿವಳಿ ಈ ಲೆಕ್ಕವನ್ನೇ ತಿರುವಿಹಾಕುತ್ತದೆ. ಮೊದಲೆರಡು ಭಾಗ ಪೂರ್ತಿ ಊರಿಗೆ ಶಾಪ ಕೊಟ್ಟ ಮಾಟಗಾತಿ ಅಂತ ಸಾರಾ ಫಿಯರ್ ಕಡೆ ಬೆರಳು. 1666ಕ್ಕೆ ಹೋದಾಗ ಗೊತ್ತಾಗುತ್ತದೆ, ಅವಳು ಇನ್ನೊಬ್ಬ ಹುಡುಗಿಯನ್ನು ಪ್ರೀತಿಸಿದವಳು, ಸೈತಾನನ ಜೊತೆ ಒಪ್ಪಂದ ಮಾಡಿಕೊಂಡದ್ದು ಊರಿನ ಮರ್ಯಾದಸ್ಥ. ಹಾರರ್ ಅಂದಮೇಲೆ ಸಾವು ಇದ್ದೇ ಇರುತ್ತದೆ, ಕ್ವಿಯರ್ ಪಾತ್ರ ಸಾಯಲೇಬಾರದು ಅನ್ನುವುದೂ ಅತಿಯಾಯಿತು. ಸಾರಾಳನ್ನು ನೇಣಿಗೇರಿಸುತ್ತಾರೆ, ಆದರೆ ಕ್ಯಾಮೆರಾ ಅವಳ ಪರ. 1994ರ ಕಥೆಯ ಪ್ರೇಮಿಗಳಾದ ಡೀನಾ ಮತ್ತು ಸ್ಯಾಮ್ ಎಂಬ ಹುಡುಗಿಯರು ಬದುಕುತ್ತಾರೆ. ಅದೂ ಮೊದಲ ಭಾಗದಲ್ಲೇ ಶಾಪದಿಂದ ಬಿಡಿಸಲೆಂದು ಸ್ಯಾಮ್‌ಳನ್ನು ಡೀನಾ ಬೇಕೆಂದೇ ನೀರಲ್ಲಿ ಮುಳುಗಿಸಿ, ಉಸಿರು ನಿಂತ ಮೇಲೆ ಬದುಕಿಸಿಕೊಂಡಿರುತ್ತಾಳೆ.