ಇಂಗ್ಲಿಷ್ ಉಚ್ಚಾರಣೆ: ಸೀಮೆಗೊಂದು ನಿಯಮ

ಲಂಡನ್ನಿನವರ ಬಾಯಲ್ಲಿ ‘ಕಾ’ ಆಗುವುದು ಷಿಕಾಗೋದವರ ಬಾಯಲ್ಲಿ ‘ಕಾರ್’. ಇಂಥ ವ್ಯತ್ಯಾಸಗಳನ್ನು ಒಂದೊಂದೇ ಪದವಾಗಿ ಪಟ್ಟಿ ಮಾಡಿ ಕಲಿಯಲು ಹೊರಟರೆ ಮುಗಿಯುವುದೇ ಇಲ್ಲ. ಹೆಚ್ಚಿನವು ನಿಯಮದ ಪ್ರಕಾರವೇ ನಡೆಯುತ್ತವೆ. ನಾಲ್ಕೈದು ನಿಯಮ ಹಿಡಿತಕ್ಕೆ ಬಂದರೆ, ಕೇಳದ ಪದವನ್ನೂ ಯಾವ ಸೀಮೆಯವರು ಹೇಗೆ ಹೇಳುತ್ತಾರೆಂದು ಊಹಿಸಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ‘ರ್’. ಸ್ಕಾಟ್ಲೆಂಡ್, ಐರ್ಲೆಂಡ್, ಕೆನಡಾ ಮತ್ತು ಅಮೆರಿಕದ ಬಹುಭಾಗದಲ್ಲಿ ಸ್ವರದ ನಂತರದ ‘ರ್’ ಉಳಿದಿದೆ. ಇಂಗ್ಲೆಂಡಿನ ಹೆಚ್ಚಿನ ಕಡೆ, ಆಸ್ಟ್ರೇಲಿಯಾದಲ್ಲಿ ಅದು ಬಿದ್ದುಹೋಗಿದೆ. 1791ರ ಜಾನ್ ವಾಕರ್ ನಿಘಂಟು ಲಂಡನ್ನಿನಲ್ಲಿ ಈ ‘ರ್’ ಸವೆಯುತ್ತಿದ್ದುದನ್ನು ಆಗಲೇ ಗುರುತಿಸಿತ್ತು. ಆದರೆ ಅದು ಪೂರಾ ಹೋಗಿಲ್ಲ: ಮುಂದಿನ ಪದ ಸ್ವರದಿಂದ ಶುರುವಾದರೆ ಮರಳಿ ಬರುತ್ತದೆ. ‘ಕಾ’ ಎನ್ನುವವರೇ ‘ಕಾರ್ ಈಸ್’ ಎನ್ನುತ್ತಾರೆ. ಈ ಅಭ್ಯಾಸ ಬಲಿತು, ಬರಹದಲ್ಲಿ ಇಲ್ಲದ ಕಡೆಯೂ ‘ರ್’ ನುಸುಳುತ್ತದೆ. ‘ಐಡಿಯಾ ಆಫ್’ ಎಂಬುದು ‘ಐಡಿಯರಾಫ್’ ಎಂದು ಕೇಳಿಸುವುದು ಹೀಗೆ.

‘ರ್’ ಬಿಟ್ಟರೆ ಸುಸಂಸ್ಕೃತ, ಹೇಳಿದರೆ ಒರಟು ಎಂಬ ನಂಬಿಕೆಗೆ ನೆಲೆಯಿಲ್ಲ. 1962ರಲ್ಲಿ ಭಾಷಾವಿಜ್ಞಾನಿ ವಿಲಿಯಂ ಲಬಾವ್ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳ ನೌಕರರಿಂದ ‘ಫೋರ್ತ್ ಫ್ಲೋರ್’ ಎಂದು ಹೇಳಿಸಿ, ಕೇಳಿಸಲಿಲ್ಲವೆಂಬಂತೆ ಮತ್ತೊಮ್ಮೆ ಹೇಳಿಸಿದರು. ಸಿರಿವಂತರ ಅಂಗಡಿಯಲ್ಲಿ ‘ರ್’ ಅತಿ ಹೆಚ್ಚು, ಅಗ್ಗದ ಅಂಗಡಿಯಲ್ಲಿ ಅತಿ ಕಡಿಮೆ. ಇಂಗ್ಲೆಂಡಿನಲ್ಲಿ ಇದಕ್ಕೆ ಪೂರ್ತಿ ಉಲ್ಟಾ: ಅಲ್ಲಿ ‘ರ್’ ಹೇಳುವವರು ಹಳ್ಳಿಯವರೆನಿಸಿಕೊಳ್ಳುತ್ತಾರೆ. ಪ್ರತಿಷ್ಠೆ ಇರುವುದು ಹೇಳುವವರ ಅಂತಸ್ತಿನಲ್ಲಿ, ಧ್ವನಿಯಲ್ಲಲ್ಲ.

ಅಮೆರಿಕದ ‘ಟ’ ಕಲಿಯುವವರನ್ನು ಹೆಚ್ಚು ಎಡವಿಸುತ್ತದೆ. ಎರಡು ಸ್ವರಗಳ ನಡುವೆ ಬಂದಾಗ ನಾಲಿಗೆಯ ತುದಿ ಹಲ್ಲಿನ ಹಿಂದಿನ ಉಬ್ಬನ್ನು ಒಮ್ಮೆ ತಟ್ಟಿ ಬಿಡುತ್ತದೆ. ಆ ಸದ್ದು ಕನ್ನಡದ ‘ಡ’ಕ್ಕಿಂತ ‘ರ’ಕ್ಕೆ ಹತ್ತಿರ. ‘ರೈಟರ್’, ‘ರೈಡರ್’ ಬಹುತೇಕ ಒಂದೇ ಆಗುವುದು ಇದರಿಂದ. ಆದರೆ ಎಲ್ಲ ‘ಟ’ಕ್ಕೂ ಇದು ಹೊಂದುವುದಿಲ್ಲ. ಪದದೊಳಗೆ ‘ಟ’ದ ನಂತರದ ಸ್ವರಕ್ಕೆ ಒತ್ತು ಬಿದ್ದರೆ ಅದು ಗಟ್ಟಿಯಾಗಿಯೇ ಉಳಿಯುತ್ತದೆ. ‘ಆಟಂ’ನಲ್ಲಿ ಸಡಿಲ, ‘ಅಟಾಮಿಕ್’ನಲ್ಲಿ ಗಟ್ಟಿ. ‘ಹೋಟೆಲ್’, ‘ಅಟ್ಯಾಕ್’ ಪದಗಳಲ್ಲಿ ‘ಟ’ವನ್ನು ಸಡಿಲಿಸಿದರೆ ಅನುಕರಣೆ ಎಂದು ತಕ್ಷಣ ಗೊತ್ತಾಗುತ್ತದೆ.

‘ಬಾತ್’, ‘ಗ್ರಾಸ್’, ‘ಡಾನ್ಸ್’ ಎಂಬ ದೀರ್ಘ ಆಕಾರ ದಕ್ಷಿಣ ಇಂಗ್ಲೆಂಡಿನದು. ಉತ್ತರದವರದು ಹ್ರಸ್ವ, ಅಮೆರಿಕನ್ನರದು ‘ಬ್ಯಾತ್’, ‘ಗ್ರ್ಯಾಸ್’. ಇಲ್ಲಿ ಮಾತ್ರ ನಿಯಮ ಅರ್ಧದಾರಿಯಲ್ಲಿ ಕೈಕೊಡುತ್ತದೆ. ದಕ್ಷಿಣದವರು ‘ಗ್ರಾಸ್’ ಎಂದರೂ ‘ಗ್ಯಾಸ್’ ಎಂದೇ ಹೇಳುತ್ತಾರೆ, ‘ಪ್ಲಾಂಟ್’ ಎಂದರೂ ಇರುವೆಗೆ ‘ಆ್ಯಂಟ್’. ಈ ಗುಂಪನ್ನು ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ. ಉತ್ತರದವರನ್ನು ಗುರುತಿಸಲು ಇನ್ನೂ ಸುಲಭದ ಗುರುತು ‘ಕಪ್’, ‘ಬಸ್’. ಅವು ಅಲ್ಲಿ ‘ಕುಪ್’, ‘ಬುಸ್’ ಎಂಬಂತೆ ಕೇಳುತ್ತವೆ.

ನಿಯಮಕ್ಕೆ ಸಿಗದ ಬಿಡಿ ಪದಗಳೂ ಇವೆ. ‘ಲೆಫ್ಟೆನೆಂಟ್’ ಬ್ರಿಟನ್ನಿನದು, ‘ಲೂಟೆನೆಂಟ್’ ಅಮೆರಿಕದ್ದು. ‘ಷೆಡ್ಯೂಲ್’ ಮತ್ತು ‘ಸ್ಕೆಡ್ಯೂಲ್’, ‘ವಿಟಮಿನ್’ ಮತ್ತು ‘ವೈಟಮಿನ್’ ಕೂಡ ಹೀಗೇ. ಫ್ರೆಂಚಿನಿಂದ ಬಂದ ‘ಬ್ಯಾಲೆ’, ‘ಗರಾಜ್’ಗಳಲ್ಲಿ ಬ್ರಿಟಿಷರು ಸಾಮಾನ್ಯವಾಗಿ ಮೊದಲ ಭಾಗವನ್ನು ಒತ್ತುತ್ತಾರೆ, ಅಮೆರಿಕನ್ನರು ಕೊನೆಯದನ್ನು.

ನಿಘಂಟು ನೋಡುವವರಿಗೊಂದು ಮಾತು: ಸಾಮಾನ್ಯವಾಗಿ ಅದರಲ್ಲಿರುವುದು ಬ್ರಿಟನ್ ಮತ್ತು ಅಮೆರಿಕದ ಒಂದೊಂದು ಮಾದರಿ ಮಾತ್ರ. ನ್ಯೂಜಿಲೆಂಡಿನವರ ‘ಪೆನ್’ ಹೊಸಬರಿಗೆ ‘ಪಿನ್’ ಎಂದೇ ಕೇಳುತ್ತದೆ. ಅದು ಇಂಥ ನಿಘಂಟಿನಲ್ಲಿ ಸಿಗುವುದಿಲ್ಲ. ಅದಕ್ಕೆ ಆ ನಾಡಿನ ರೇಡಿಯೋ ಸುದ್ದಿಯನ್ನೇ ಕೇಳಬೇಕು, ವ್ಯಂಜನ ಬಿಟ್ಟು ಸ್ವರಗಳಿಗೆ ಕಿವಿಗೊಟ್ಟು.