ಆರು ನೋಡ್ ಒಂಬತ್ತಾದ ಕಥೆ

ದಸರಾ ಹತ್ತಿರ ಬಂತು ಅಂದರೆ ನಮ್ಮ ಆಫೀಸಿನಲ್ಲಿ ಎಲ್ಲರ ಕಣ್ಣೂ ಡಿಸ್ಕ್ ಮೇಲೆ. ಆರ್ಡರ್ ಜಾಸ್ತಿ, ಡೇಟಾನೂ ಜಾಸ್ತಿ. ನಮ್ಮ ಡೇಟಾ ಇರುವುದು ಕಸಾಂಡ್ರಾದಲ್ಲಿ, ಅಂದರೆ ಡೇಟಾವನ್ನು ಹಲವು ಸರ್ವರ್‌ಗಳಿಗೆ ಹಂಚಿಡುವ ಡೇಟಾಬೇಸ್‌ನಲ್ಲಿ. ಒಂದೊಂದು ಸರ್ವರ್ ಒಂದೊಂದು ನೋಡ್, ಎಲ್ಲ ಸೇರಿ ಕ್ಲಸ್ಟರ್. ಕಳೆದ ವರ್ಷ ಆ ಕ್ಲಸ್ಟರ್‌ನ ಆರೂ ನೋಡ್‌ಗಳು ತುಂಬುತ್ತಾ ಬಂದಿದ್ದವು. ಇನ್ನು ಮೂರು ಕೊಡಿಸಿದ ಮ್ಯಾನೇಜರ್, "ಒಟ್ಟಿಗೇ ಸೇರಿಸಿಬಿಡಿ, ಸಂಜೆಯೊಳಗೆ ಮುಗೀಲಿ" ಅಂದರು.

ಹಾಗಾಗಲ್ಲ. ಒಂದು ನೋಡ್ ಸೇರುತ್ತಿರುವಾಗ ಇನ್ನೊಂದನ್ನು ಸ್ಟಾರ್ಟ್ ಮಾಡಿದರೆ ಕಸಾಂಡ್ರಾನೇ ತಡೆಯುತ್ತದೆ. ಆ ತಡೆ ತೆಗೆಯುವ ಸೆಟ್ಟಿಂಗ್ ಇದೆ, ನಿಜ. ಹಬ್ಬದ ಮುಂಚೆ ಅದನ್ನು ಮುಟ್ಟುವ ಧೈರ್ಯ ನನಗಂತೂ ಇರಲಿಲ್ಲ.

ಮೊದಲ ನೋಡ್‌ನ ಕಾನ್ಫಿಗ್ ನೋಡುವಾಗ ಟೀಮಿನ ಹುಡುಗಿ, "ಸರ್, ಸೀಡ್ ಲಿಸ್ಟಲ್ಲಿ ಇದರದ್ದೇ ಐಪಿ ಇದೆ" ಅಂದಳು. ಸದ್ಯ, ಸಿಕ್ಕಿತು. ಸೀಡ್ ಲಿಸ್ಟ್ ಅಂದರೆ ಹೊಸ ನೋಡ್ ಸೇರಲು ಮೊದಲು ಮಾತಾಡಿಸಬೇಕಾದ ನೋಡ್‌ಗಳ ಪಟ್ಟಿ. ಹಾಗೇ ಬಿಟ್ಟಿದ್ದರೆ ಅದು ಹಳೆಯ ನೋಡ್‌ಗಳಿಂದ ಡೇಟಾ ಏನೂ ತರಿಸಿಕೊಳ್ಳದೆ ಸುಮ್ನೆ ಬಂದು ಸೇರುತ್ತಿತ್ತು. ತನ್ನ ಪಾಲಿನ ಡೇಟಾ ಯಾರೇ ಕೇಳಿದರೂ ಕೈ ಖಾಲಿ. ಎರರ್ ಕೂಡ ಬರಲ್ಲ.

ತಿದ್ದಿ ಸ್ಟಾರ್ಟ್ ಮಾಡಿದೆವು. ನೋಡ್‌ಗಳ ಸ್ಥಿತಿ ತೋರಿಸುವ ನೋಡ್‌ಟೂಲ್ ಸ್ಟೇಟಸ್ ಕಮಾಂಡ್ ಹೊಡೆದರೆ ಹೊಸ ಸಾಲಿನ ಮುಂದೆ ಯುಜೆ, ಅಂದರೆ ಇನ್ನೂ ಸೇರುತ್ತಿದೆ. ನಿಜವಾದ ಕಷ್ಟ ಶುರುವಾಗುವುದೇ ಆಗ. ಸಹಾಯಕ್ಕೆ ಅಂತ ಬಂದವರಿಗಾಗಿ ಮೊದಲು ಹಳಬರೇ ದುಡಿಯಬೇಕು! ಗ್ರಾಹಕರಿಗೂ ಉತ್ತರ ಕೊಡಬೇಕು, ಹೊಸ ನೋಡ್‌ಗೂ ಡೇಟಾ ಸುರಿಯಬೇಕು. ರೀಡ್‌ಗಳು ನಿಧಾನವಾದವು, ಫೋನ್ ಬಂತು. ಕಳಿಸುವ ವೇಗದ ಮಿತಿ ಡೀಫಾಲ್ಟ್ ಆಗಿ ಸೆಕೆಂಡಿಗೆ 200 ಮೆಗಾಬಿಟ್ ಇರುತ್ತದೆ. ಅದನ್ನು ಹಳೆಯ ನೋಡ್‌ಗಳಲ್ಲಿ ಹಗಲು ಇಳಿಸಿದೆವು, ರಾತ್ರಿ ಏರಿಸಿದೆವು. ಕೊನೆಗೆ ಯುಜೆ ಹೋಗಿ ಯುಎನ್ ಆಯಿತು, ಅಂದರೆ ಸೇರಿ ಮುಗಿಯಿತು. ಉಳಿದೆರಡಕ್ಕೂ ಇದೇ ಪಾಡು.

ಮೂರೂ ಸೇರಿದ ಮೇಲೆ ಮ್ಯಾನೇಜರ್ ಗ್ರಾಫ್ ಮುಂದೆ ನಿಂತು ಕೇಳಿದರು, "ಹಳೇ ಡಿಸ್ಕ್ ಒಂಚೂರೂ ಇಳಿದಿಲ್ವಲ್ಲ?" ಇಳಿಯಲ್ಲ. ಕೊಟ್ಟ ಡೇಟಾವನ್ನು ಹಳಬರು ತಾವಾಗಿ ಅಳಿಸುವುದಿಲ್ಲ, ನಾವೇ ಕ್ಲೀನಪ್ ಓಡಿಸಬೇಕು. ಅದು ಫೈಲ್‌ಗಳನ್ನು ಹೊಸದಾಗಿ ಬರೆದು ಆಮೇಲೆ ಹಳೆಯದನ್ನು ತೆಗೆಯುವುದರಿಂದ ನಡುವೆ ಇನ್ನಷ್ಟು ಜಾಗ ಕೇಳುತ್ತದೆ. ತುಂಬಿದ ಡಿಸ್ಕ್‌ನಲ್ಲಿ ಆ ಜಾಗ ಎಲ್ಲಿಂದ ತರೋದು, ಅಲ್ವಾ? ಒಂದೊಂದೇ ನೋಡ್‌ನಲ್ಲಿ, ಉಸಿರು ಬಿಗಿಹಿಡಿದು ಮುಗಿಸಿದೆವು.

ಈ ವರ್ಷದ ನೋಡ್‌ಗಳನ್ನು ಆಷಾಢದಲ್ಲೇ ಸೇರಿಸಿದ್ದೇವೆ. ಗೃಹಪ್ರವೇಶಕ್ಕೆ ಆಗದ ತಿಂಗಳು ಅಂತಾರೆ. ಆರ್ಡರ್ ಕಡಿಮೆ ಇರುತ್ತೆ, ನಮಗೆ ಅಷ್ಟು ಸಾಕು.