24 ತೋಟಾ, ಒಂದು ಬೆನ್ನುಚೀಲ

ಏಪ್ರಿಲ್‌ನ ಮೂರನೆಯ ಸೋಮವಾರ ನಮ್ಮ ಮ್ಯಾಸಚೂಸೆಟ್ಸ್‌ನಲ್ಲಿ ದೇಶಭಕ್ತರ ದಿನದ ರಜೆ. ಈ ಸಲ ನಸುಕಿನ ನಾಲ್ಕಕ್ಕೇ ಎದ್ದು, ಫ್ಲಾಸ್ಕಿಗೆ ಕಾಫಿ ಸುರಿದುಕೊಂಡು ಲೆಕ್ಸಿಂಗ್ಟನ್ ಊರ ನಡುವಿನ ಹುಲ್ಲುಬಯಲಿಗೆ ಹೋದೆ. 1775ರಲ್ಲಿ ಬ್ರಿಟಿಷ್ ಸಿಪಾಯಿಗಳೆದುರು ಊರಿನ ಮಿಲಿಷಿಯಾ, ಅಂದರೆ ಊರವರೇ ಸೇರಿದ ನಾಗರಿಕ ಪಡೆ, ನಿಂತದ್ದು ಇಲ್ಲೇ. ಎಂಟು ಮಂದಿ ಪ್ರಾಣ ಬಿಟ್ಟರು. ಅದನ್ನೇ ವರ್ಷವರ್ಷವೂ ಅಭಿನಯಿಸಿ ತೋರಿಸುತ್ತಾರೆ. ಆಟ ಮುಗಿದ ಮೇಲೆ ವೇಷಧಾರಿಯೊಬ್ಬ ಮಕ್ಕಳಿಗೆ ಮಸ್ಕೆಟ್ ಎಂಬ ಹಳೆಯ ಕೋವಿ ತುಂಬುವ ಬಗೆ ಹೇಳಿಕೊಡುತ್ತಿದ್ದ: ಕಾಗದದ ತೋಟಾವನ್ನು ಹಲ್ಲಿನಿಂದ ಹರಿಯುವುದು, ನಳಿಗೆಗೆ ಮದ್ದು ಸುರಿಯುವುದು, ಉದ್ದನೆಯ ಸಲಾಕೆಯಿಂದ ಜಡಿಯುವುದು. ತೋಟಾ ಕಚ್ಚುವುದನ್ನು ಕಂಡು ನನ್ನ ತಲೆ ಸೀದಾ 1857ರ ಸಿಪಾಯಿ ದಂಗೆಗೆ ಓಡಿತು.

"ಮಿಲಿಷಿಯಾ ಎಂದರೆ ಬೇರೆ ಯಾರೂ ಅಲ್ಲ, ನಾವೇ" ಎಂದರು ಪಕ್ಕದಲ್ಲಿದ್ದ ಅಜ್ಜ.

ಇಲ್ಲಿಯ ಕೋವಿ ಜಗಳದ ಜೀವವೆಲ್ಲ ಈ ಒಂದು ಪದದಲ್ಲಿದೆ. 1791ರಲ್ಲಿ ಅಮೆರಿಕದ ಸಂವಿಧಾನಕ್ಕೆ ಸೇರಿದ ಎರಡನೆಯ ತಿದ್ದುಪಡಿ ಒಂದೇ ವಾಕ್ಯ, ಇಂಗ್ಲಿಷಿನಲ್ಲಿ 27 ಪದ. ಸ್ವತಂತ್ರ ರಾಜ್ಯದ ಭದ್ರತೆಗೆ ಸುವ್ಯವಸ್ಥಿತ ಮಿಲಿಷಿಯಾ ಬೇಕು ಎಂದು ಶುರುವಾಗಿ, ಆಯುಧ ಹೊಂದುವ ಜನರ ಹಕ್ಕಿಗೆ ಕೈಹಾಕಬಾರದು ಎಂದು ಮುಗಿಯುತ್ತದೆ.

ಅಜ್ಜನ ಮಾತು ಸುಳ್ಳಲ್ಲ. ಆದರೆ ಆ "ನಾವೇ" ಎಷ್ಟು ಬಿಗಿಯಾಗಿತ್ತು ಎಂಬುದು 1792ರ ಮಿಲಿಷಿಯಾ ಕಾಯ್ದೆ ಓದಿದರೆ ತಿಳಿಯುತ್ತದೆ. 18 ತುಂಬಿದ, 45 ಆಗದ ಪ್ರತಿಯೊಬ್ಬ ಗಟ್ಟಿಮುಟ್ಟಾದ ಸ್ವತಂತ್ರ ಬಿಳಿಯ ಗಂಡಸಿನ ಹೆಸರು ಪಟ್ಟಿಯಲ್ಲಿರಬೇಕು. ಆರು ತಿಂಗಳೊಳಗೆ ಅವನು ತಾನೇ ಮಸ್ಕೆಟ್, ಬಯೊನೆಟ್, ಎರಡು ಹೆಚ್ಚುವರಿ ಚಕಮಕಿ ಕಲ್ಲು, ಬೆನ್ನುಚೀಲ, 24 ತೋಟಾ ಹಿಡಿಸುವ ಚೀಲ ಹೊಂದಿಸಿಕೊಳ್ಳಬೇಕು. ಕವಾಯತಿಗೆ ಚಕ್ಕರ್ ಹೊಡೆದರೆ ರಾಜ್ಯಗಳ ಕಾನೂನಿನಂತೆ ದಂಡ. ನನಗಂತೂ ಇದು ಹಕ್ಕಿಗಿಂತ ಬಿಟ್ಟಿ ಚಾಕರಿಯಂತೆ ಕಾಣುತ್ತದೆ. ಇನ್ನು "ಬಿಳಿಯ" ಎಂಬ ಆ ಪದ: ಇದೇ ಹುಲ್ಲಿನ ಮೇಲೆ ಗುಂಡೇಟು ತಿಂದವರಲ್ಲಿ ಪ್ರಿನ್ಸ್ ಎಸ್ಟಬ್ರೂಕ್ ಎಂಬ ಕಪ್ಪು ಗುಲಾಮನೂ ಇದ್ದ. ಹದಿನೇಳು ವರ್ಷ ಕಳೆದು ಬಂದ ಕಾಯ್ದೆಯ ಪಟ್ಟಿಯಲ್ಲಿ ಅವನಂಥವರಿಗೆ ಜಾಗವಿರಲಿಲ್ಲ.

ಕೊಡಗಿನ ಜಮ್ಮಾ ಭೂಮಿಯ ಕತೆ ಬಲ್ಲವರಿಗೆ ಇದರ ಜಾಡು ಸಿಗುತ್ತದೆ. ಅರಸ ಕರೆದಾಗ ಯುದ್ಧಕ್ಕೆ ಬರಬೇಕೆಂಬ ಕರಾರಿನ ಮೇಲೆ ಕೊಟ್ಟ ಭೂಮಿ ಅದು. ಕರೆ ನಿಂತು ತಲೆಮಾರುಗಳೇ ಕಳೆದವು. ಕೋವಿಗೆ ಪರವಾನಗಿ ಬೇಡವೆಂಬ ವಿನಾಯಿತಿ ಮಾತ್ರ ಇಂದಿಗೂ ಇದೆ. ಅಮೆರಿಕದಲ್ಲೂ ಚಾಕರಿ ಹೀಗೆಯೇ ಕಳಚಿತು. 1903ರ ಕಾಯ್ದೆಯಿಂದ ಕವಾಯತು ರಾಜ್ಯಗಳ ಮೀಸಲು ಪಡೆಯಾದ ನ್ಯಾಷನಲ್ ಗಾರ್ಡ್ ಪಾಲಾಯಿತು, ಉಳಿದ ಗಂಡಸರು ಕಾಗದದ ಮೇಲಷ್ಟೇ ಮಿಲಿಷಿಯಾ. 2008ರ ಹೆಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಿಲಿಷಿಯಾದ ನಂಟಿಲ್ಲದೆಯೂ ಮನೆಯಲ್ಲಿ ಆತ್ಮರಕ್ಷಣೆಗೆ ಕೋವಿ ಇಟ್ಟುಕೊಳ್ಳುವ ಹಕ್ಕು ವ್ಯಕ್ತಿಗೆ ಇದೆ ಎಂದಿತು. ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಆ ನಾಲ್ವರ ಓದು ವಾಕ್ಯದ ಮೊದಲರ್ಧವನ್ನು ಕೈಬಿಡುವುದಿಲ್ಲ, ನನ್ನ ಮನಸ್ಸು ಅತ್ತಲೇ.

ಚರ್ಚಿನವರು ಪ್ಯಾನ್‌ಕೇಕ್ ಹಾಕುತ್ತಿದ್ದ ಸಾಲಿನಲ್ಲಿ ಅಜ್ಜ ಮತ್ತೆ ಸಿಕ್ಕರು. ಹೀಗೊಂದು ಕಾಯ್ದೆಯಿತ್ತು ನೋಡಿ ಎಂದೆ. ತಟ್ಟೆಗೆ ಸಿರಪ್ ಸುರಿದುಕೊಳ್ಳುತ್ತ ಅಜ್ಜ ನಕ್ಕರು: "ನನಗೆ 71. ಆ ಲೆಕ್ಕದಲ್ಲಿ ನಾನು ಯಾವಾಗಲೋ ನಿವೃತ್ತ!"